ಕೇಳದೆ ಹಾಕಿದ ನೀರು

ನನ್ನ ಮೊಣಕಾಲು ಗಟ್ಟಿಯಾಗಿಯೇ ಇದೆ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಆದಿತ್ಯವಾರ ಚರ್ಚಿನ ಪೂಜೆಗೆ ನಾನು ಯಾಕೆ ಬರುವುದಿಲ್ಲ ಎಂದು ಯಾರಾದರೂ ಕೇಳಿದರೆ ನಮ್ಮ ನೆಂಟರು, "ಪಾಪ, ಅವರಿಗೆ ಮೊಣಕಾಲು ನೋವು" ಎನ್ನುತ್ತಾರೆ. ಅದೇ ಮೊಣಕಾಲಿನಲ್ಲಿ ನಾನು ಬಲ್ಮಠದ ಏರು ಹತ್ತಿ ಇಳಿದು ಮೀನು ತರುತ್ತೇನೆ, ಅದು ಮಾತ್ರ ಯಾರ ಕಣ್ಣಿಗೂ ಬೀಳುವುದಿಲ್ಲ. ನಾನು ಪೂಜೆಗೆ ಹೋಗುವುದನ್ನು ನಿಲ್ಲಿಸಿದಾಗ ನನಗೆ ಇನ್ನೂ ಮೂವತ್ತೈದು ದಾಟಿರಲಿಲ್ಲ. ಆ ಪ್ರಾಯದಲ್ಲಿ ಯಾರಿಗೆ ಮೊಣಕಾಲು ನೋವು?

ನಮ್ಮದು ಕೊಡಿಯಾಲ್‌ಬೈಲಿನ ಕೊಂಕಣಿ ಕ್ರಿಸ್ತುವರ ಮನೆ. ತಂದೆ ಶಾಲೆಯ ಮಾಸ್ಟ್ರು. ಸಂಜೆ ದೀಪ ಹಚ್ಚಿದ ಕೂಡಲೇ ಎಲ್ಲರೂ ಅಲ್ತಾರಿನ ಮುಂದೆ ಮೊಣಕಾಲೂರಿ ತೇರ್ಸ್ ಹೇಳಬೇಕು, ಜಪಸರದ ಮಣಿ ಒಂದೂ ತಪ್ಪಬಾರದು. ನಾನು ತಪ್ಪಿಸುವ ಮಗು ಆಗಿರಲಿಲ್ಲ. ದೊತೊರ್ನ್ ಎಂದು ನಾವು ಕರೆಯುವ ಧರ್ಮಪಾಠದ ಕ್ಲಾಸಿನಲ್ಲಿ ಪ್ರಶ್ನೆ ಮುಗಿಯುವ ಮೊದಲೇ ಉತ್ತರ ಹೇಳುತ್ತಿದ್ದವಳು ನಾನು. ಜ್ಞಾನಸ್ನಾನ ಆಗದೆ ಸತ್ತ ಮಗು ಎಲ್ಲಿಗೆ ಹೋಗುತ್ತದೆ? ಲಿಂಬೊಗೆ. ಅಲ್ಲಿ ನೋವಿಲ್ಲ, ಬೆಂಕಿಯಿಲ್ಲ, ಆದರೆ ದೇವರ ಮುಖ ಕಾಣುವುದಿಲ್ಲ. ಇದನ್ನು ನಾನು ಮಗ್ಗಿ ಹೇಳುವ ಹಾಗೆ ಹೇಳುತ್ತಿದ್ದೆ, ಮಾಸ್ಟ್ರ ಮಗಳಲ್ಲವೇ.

ನರ್ಸಿಂಗ್ ಕಲಿಯುವಾಗ ಅದೇ ಪಾಠ ಕೈಕೆಲಸವಾಗಿ ಬಂತು. ನಮಗೆ ಕಲಿಸುತ್ತಿದ್ದ ಒಬ್ಬರು ಕನ್ಯಾಸ್ತ್ರೀ ಒಂದು ದಿನ ಮರದ ಬೊಂಬೆಯೊಂದನ್ನು ಮೇಜಿನ ಮೇಲೆ ಮಲಗಿಸಿ, ನಮ್ಮಲ್ಲಿ ಕ್ರಿಸ್ತುವರನ್ನು ಮಾತ್ರ ಕರೆದು ನಿಲ್ಲಿಸಿದರು. ಸಾಯುತ್ತಿರುವ ಮಗುವಿಗೆ ಪಾದ್ರಿ ಬರುವವರೆಗೆ ಕಾಯಬಾರದು, ಯಾರು ಬೇಕಾದರೂ ಜ್ಞಾನಸ್ನಾನ ಕೊಡಬಹುದು. ಶುದ್ಧ ನೀರು ಬೇಕು. ಹಣೆಯ ಮೇಲೆ ಹರಿಯಬೇಕು, ಒದ್ದೆ ಬಟ್ಟೆಯಲ್ಲಿ ಒತ್ತಿದರೆ ಸಾಲದು. ನೀರು ಬೀಳುವಾಗಲೇ ಪಿತನ, ಪುತ್ರನ, ಪವಿತ್ರಾತ್ಮನ ಹೆಸರು ಹೇಳಬೇಕು. ಮಗು ಯಾವ ಜಾತಿಯದ್ದಾದರೂ ಸರಿ, ತಂದೆ ತಾಯಿಗೆ ತಿಳಿಯಬೇಕೆಂದಿಲ್ಲ. "ಮೈ ಒರೆಸುವ ಹಾಗೆ ಮಾಡಿ, ಆಯ್ತಲ್ಲ. ಸಾವು ಖಾತ್ರಿ ಇದ್ರೆ ಮಾತ್ರ, ನೆನಪಿರಲಿ," ಎಂದರು. ನಾವು ಎಂಟು ಹತ್ತು ಹುಡುಗಿಯರು ಸಾಲಾಗಿ ನಿಂತು ಬೊಂಬೆಯ ಹಣೆಗೆ ನೀರು ಹೊಯ್ದೆವು. ನನ್ನ ಕೈ ನಡುಗಲಿಲ್ಲ ಎಂದು ಅವರು ನನ್ನನ್ನು ಹೊಗಳಿದ್ದು ನೆನಪಿದೆ. ನಾನು ಉಬ್ಬಿಹೋಗಿದ್ದೆ.

ಕಲಿತು ಮುಗಿಸಿ ಫಳ್ನೀರ್ ಕಡೆಯ ಒಂದು ಸಣ್ಣ ಆಸ್ಪತ್ರೆಯಲ್ಲಿ ಕೆಲಸಕ್ಕೆ ಸೇರಿದೆ. ಆಗಷ್ಟೇ ನಮ್ಮ ಜಿಲ್ಲೆ ಮದ್ರಾಸು ಬಿಟ್ಟು ಮೈಸೂರು ರಾಜ್ಯಕ್ಕೆ ಸೇರಿದ ಹೊಸತು. ಹಂಚಿನ ಮಾಡಿನ ಉದ್ದ ಕಟ್ಟಡ, ಹದಿನಾಲ್ಕು ಹಾಸಿಗೆ, ಒಬ್ಬರೇ ಡಾಕ್ಟ್ರು. ಈಗ ಆ ಆಸ್ಪತ್ರೆಯೂ ಇಲ್ಲ, ಡಾಕ್ಟ್ರೂ ಇಲ್ಲ. ಅಲ್ಲಿಗೆ ಎಲ್ಲ ಜಾತಿಯವರೂ ಬರುತ್ತಿದ್ದರು. ಬಂದರಿನ ಬ್ಯಾರಿ ಮುಸ್ಲಿಮರ ಮನೆಯ ಹೆಂಗಸರು ಕುದುರೆಗಾಡಿಗೆ ಪರದೆ ಕಟ್ಟಿಸಿಕೊಂಡು ಬರುತ್ತಿದ್ದರು.

ಹಾಗೆ ಬಂದವಳು ಆ ಹುಡುಗಿ. ಹುಡುಗಿ ಎಂದೇ ಹೇಳಬೇಕು, ಹತ್ತೊಂಬತ್ತೋ ಇಪ್ಪತ್ತೋ. ಗಂಡನಿಗೆ ಬಂದರಿನಲ್ಲಿ ಒಣಮೀನಿನ ವ್ಯಾಪಾರ. ಕೈಯಲ್ಲಿ ಇಪ್ಪತ್ತು ದಿನದ ಹೆಣ್ಣು ಮಗು, ಚೊಚ್ಚಲು, ನ್ಯುಮೋನಿಯ. ಜೊತೆಗೆ ಅತ್ತೆ. ಮಗುವಿನ ಪಕ್ಕೆ ಒಳಗೆ ಹೋಗಿ ಹೊರಗೆ ಬರುತ್ತಿತ್ತು, ತುಟಿ ನೇರಳೆಹಣ್ಣು ತಿಂದ ಹಾಗೆ ಆಗಿತ್ತು. ಪೆನ್ಸಿಲಿನ್ ಕೊಟ್ಟೆವು, ಮೂಗಿಗೆ ಆಕ್ಸಿಜನ್ ನಳಿಗೆ ಇಟ್ಟೆವು. ಎರಡು ದಿನ ಕಳೆದರೂ ಇಳಿಯಲಿಲ್ಲ. ಮೂರನೆಯ ದಿನ ಮಧ್ಯಾಹ್ನ ಡಾಕ್ಟ್ರು ಊಟಕ್ಕೆ ಹೋಗುವ ಮೊದಲು ನನ್ನನ್ನು ಹೊರಗೆ ಕರೆದು, "ಸಂಜೆ ದಾಟುವುದು ಡೌಟು. ತಾಯಿಗೆ ಈಗ್ಲೇ ಹೇಳುವುದು ಬೇಡ, ಬೊಬ್ಬೆ ಹಾಕಿದ್ರೆ ಕಷ್ಟ," ಎಂದರು. ನಾನು ತಲೆಯಾಡಿಸಿದೆ.

ಒಳಗೆ ಬಂದರೆ ಅತ್ತೆ ನಮಾಜಿಗೆಂದು ಜಗಲಿಗೆ ಹೋಗಿದ್ದಳು. ತಾಯಿ ಒಬ್ಬಳೇ ತೊಟ್ಟಿಲ ಪಕ್ಕದ ಸ್ಟೂಲಿನಲ್ಲಿ ಎರಡೂ ಕೈ ಮಡಿಲಲ್ಲಿಟ್ಟು ಕೂತಿದ್ದಳು. ಮಗುವನ್ನು ಮುಟ್ಟಬಾರದು, ನಳಿಗೆ ಜಾರುತ್ತದೆ ಎಂದು ಮೊದಲ ದಿನವೇ ನಾನು ಗದರಿಸಿದ್ದೆ. ನನ್ನ ಗದರಿಕೆಗೆ ಆಸ್ಪತ್ರೆಯಲ್ಲಿ ಹೆಸರಿತ್ತು. ನಾನು ಹಾಲು ಕುಡಿಸುವ ಪಿಂಗಾಣಿ ಕಪ್ಪಿನಲ್ಲಿ ನೀರು ತಂದೆ, ಕೈಯಲ್ಲೊಂದು ಹತ್ತಿ ಹಿಡಿದುಕೊಂಡೆ. "ಜ್ವರಕ್ಕೆ ಸ್ವಲ್ಪ ಒರೆಸ್ತೇನೆ," ಎಂದೆ. ಅವಳು ತಲೆಯಾಡಿಸಿದಳು. ಹತ್ತಿಯನ್ನು ಒಂದು ಬದಿಗಿಟ್ಟು, ಕಪ್ಪಿನಿಂದಲೇ ನೀರು ಹರಿಸಿ, ತುಟಿಯೊಳಗೇ ಕೊಂಕಣಿಯಲ್ಲಿ ಹೇಳಬೇಕಾದ್ದನ್ನೆಲ್ಲ ಹೇಳಿ ಮುಗಿಸಿದೆ. ಆ ದಿನ ಯಾವ ಸಂತಳ ಹಬ್ಬವೋ ಅವಳ ಹೆಸರನ್ನೂ ಇಟ್ಟೆ. ಆ ಹೆಸರನ್ನು ಇಲ್ಲಿ ಬರೆಯುವುದಿಲ್ಲ, ಅದು ಮಗುವಿನದ್ದಲ್ಲ. ತಾಯಿ ನನ್ನನ್ನೇ ನೋಡುತ್ತಿದ್ದಳು. ಆಮೇಲೆ ತುಳುವಿನಲ್ಲಿ, "ನಿಮಗೆ ದೇವರು ಒಳ್ಳೆಯದು ಮಾಡ್ಲಿ ಬಾಯಮ್ಮ," ಎಂದಳು. ನಮ್ಮವರ ಹೆಂಗಸರನ್ನು ತುಳುವಿನಲ್ಲಿ ಎಲ್ಲರೂ ಬಾಯಮ್ಮ ಎಂದೇ ಕರೆಯುವುದು.

ಒಂದು ಆತ್ಮವನ್ನು ಸ್ವರ್ಗಕ್ಕೆ ಕಳಿಸಿದ ಸಂತೋಷದಲ್ಲಿ ನಾನು ಆ ದಿನ ಹೊಟ್ಟೆ ತುಂಬ ಉಂಡೆ.

ಮಗು ಸಾಯಲಿಲ್ಲ! ಸಂಜೆಗೆ ಜ್ವರ ಇಳಿಯಿತು. ಮರುದಿನ ಬೆಳಿಗ್ಗೆ ತುಟಿಗೆ ಕೆಂಪು ಬಂತು, ಅದರ ಮರುದಿನ ಆಸ್ಪತ್ರೆ ಹಾರಿಹೋಗುವ ಹಾಗೆ ಅತ್ತಿತು. ಡಾಕ್ಟ್ರು ಪೆನ್ಸಿಲಿನ್ ಎಂದರು. ಅತ್ತೆ ದರ್ಗಾಕ್ಕೆ ಹೊತ್ತ ಹರಕೆ ಎಂದಳು. ತಾಯಿ ಮಾತ್ರ ವಾರ್ಡಿನಲ್ಲಿದ್ದ ಎಲ್ಲರಿಗೂ ಕೇಳುವ ಹಾಗೆ, "ಬಾಯಮ್ಮ ಕೈಯಾರೆ ಒರೆಸಿದ ಮೇಲೆಯೇ ಕಣ್ಣು ಬಿಟ್ಟದ್ದು," ಎಂದಳು. ನಾನು ಎಲ್ಲಿ ಮುಖ ಇಡುವುದು? ಸತ್ತರೆ ಏನಾಗುತ್ತದೆ ಎಂದು ನನಗೆ ಬಾಯಿಪಾಠ ಕಲಿಸಿದ್ದರು. ಬದುಕಿದರೆ ಏನು ಮಾಡಬೇಕು ಎಂದು ಒಬ್ಬರೂ ಕಲಿಸಿರಲಿಲ್ಲ. ಬೊಂಬೆ ಎದ್ದು ಕೂತರೆ ಎಂತ ಮಾಡುವುದು ಎಂದು ಆ ಎಂಟು ಹತ್ತು ಹುಡುಗಿಯರಲ್ಲಿ ಯಾರೂ ಕೇಳಿರಲಿಲ್ಲ. ಪ್ರಶ್ನೆ ಮುಗಿಯುವ ಮೊದಲೇ ಉತ್ತರ ಹೇಳುವ ನಾನೂ ಕೇಳಿರಲಿಲ್ಲ.

ಆ ವಾರವೇ ಕುಮ್ಸಾರಿಗೆ, ಅಂದರೆ ಪಾಪನಿವೇದನೆಗೆ ಹೋದೆ. ಜಾಲರಿಯ ಆಚೆ ವಯಸ್ಸಾದ ಪಾದ್ರಿ. ಅವರು ಎಲ್ಲ ಕೇಳಿದರು. ಆಮೇಲೆ, "ನೀನು ಮಾಡಿದ್ದು ತಪ್ಪಲ್ಲ ಮಗಳೇ. ಆದ್ರೆ ಆ ಮಗು ಈಗ ನಮ್ಮದು," ಎಂದರು.

"ನಮ್ಮದು ಅಂದ್ರೆ ಎಂತ ಫಾದರ್? ಅದು ಬಂದರಿಗೆ ಹೋಯ್ತಲ್ಲ."

"ಎಲ್ಲಿ ಬೆಳೆದ್ರೂ ಜ್ಞಾನಸ್ನಾನ ಅಳಿಸ್ಲಿಕ್ಕೆ ಆಗುವುದಿಲ್ಲ. ನೀನು ಅವಳ ಮೇಲೆ ಕಣ್ಣಿಡು. ಸ್ನೇಹ ಬೆಳೆಸು. ದೊಡ್ಡವಳಾಗುವಾಗ ದೇವರು ದಾರಿ ತೋರಿಸ್ತಾನೆ. ಮನೆಯವರಿಗೆ ಮಾತ್ರ ಬಾಯಿ ಬಿಡ್ಬೇಡ, ಗಲಾಟೆ ಆದೀತು."

ಆ ಮಗುವಿನ ಆತ್ಮಕ್ಕೆ ನಾನು ಜವಾಬ್ದಾರಳು ಎಂದರು. ಅವಳು ಪೂಜೆಗೆ ಬಾರದಿದ್ದರೆ ಪಾಪ ಯಾರದ್ದು ಎಂದು ಕೇಳಿದೆ. ಅದನ್ನೆಲ್ಲ ತಲೆಗೆ ಹಾಕಿಕೊಳ್ಳಬೇಡ, ಐದು ತೇರ್ಸ್ ಹೇಳು ಎಂದರು. ತಲೆಗೆ ಹಾಕಿದ್ದು ಅವರೇ, ತೆಗೆಯಬೇಕಾದ್ದು ನಾನು!

ಸ್ನೇಹ ಬೆಳೆಸಲು ನಾನು ಏನೂ ಮಾಡಬೇಕಾಗಲಿಲ್ಲ. ಆ ತಾಯಿಯೇ ಬೆಳೆಸಿದಳು. ಮುಂದಿನ ಏಳೆಂಟು ವರ್ಷಗಳಲ್ಲಿ ಅವಳಿಗೆ ಇನ್ನೂ ಮೂರು ಮಕ್ಕಳಾದವು, ಮೂರೂ ನಮ್ಮಲ್ಲೇ. ಬಂದಾಗಲೆಲ್ಲ ದೊಡ್ಡ ಮಗಳನ್ನು ನನ್ನ ಮುಂದೆ ನಿಲ್ಲಿಸಿ, "ಬಾಯಮ್ಮನ ಕೈ ಮುಟ್ಟು," ಎನ್ನುತ್ತಿದ್ದಳು. ತಲೆಗೆ ಬಟ್ಟೆ ಕಟ್ಟಿದ, ಎದುರಿನ ಎರಡು ಹಲ್ಲು ಬಿದ್ದ ಆ ಹುಡುಗಿ ನನ್ನ ಕೈಯನ್ನು ತನ್ನ ಕಣ್ಣಿಗೆ ಒತ್ತಿಕೊಳ್ಳುತ್ತಿತ್ತು. ಮದ್ರಸದಲ್ಲಿ ಕಲಿತದ್ದನ್ನು ನನಗೆ ಒಂದೇ ಉಸಿರಿನಲ್ಲಿ ಹೇಳಿ ತೋರಿಸುತ್ತಿತ್ತು, ಪಕ್ಕಾ ನಾನು ದೊತೊರ್ನ್ ಒಪ್ಪಿಸುತ್ತಿದ್ದ ಹಾಗೆಯೇ. ನಾನು "ಶಾಬಾಸ್" ಎನ್ನುತ್ತಿದ್ದೆ. ಒಳಗೆ ಬಿಸಿತುಪ್ಪ, ಉಗುಳಲಿಕ್ಕೂ ಇಲ್ಲ ನುಂಗಲಿಕ್ಕೂ ಇಲ್ಲ.

ಇವಳನ್ನು ದೇವರು ಯಾವ ಲೆಕ್ಕದಲ್ಲಿ ಇಟ್ಟಿದ್ದಾನೆ ಎಂದು ಯೋಚಿಸಿ ಯೋಚಿಸಿ ನನ್ನ ತಲೆ ಕೆಟ್ಟಿತು. ಒಂದು ಕಪ್ ನೀರಿನಿಂದ ಇವಳು ನಮ್ಮವಳಾದಳೇ? ಹಾಗಾದರೆ ಪಕ್ಕದ ಹಾಸಿಗೆಯಲ್ಲಿ, ನನ್ನ ರಜೆಯ ದಿನ ಸತ್ತ ಬಿಲ್ಲವರ ಮಗು ದೇವರ ಮುಖ ಕಾಣದೆ ಎಲ್ಲೋ ಕತ್ತಲಲ್ಲಿ ತೇಲುತ್ತಾ ಉಂಟೋ? ನನಗೆ ರಜೆ ಸಿಕ್ಕಿದ್ದಕ್ಕೆ? ನಮ್ಮ ಡಾಕ್ಟ್ರು ಕೂಡ ಇಷ್ಟು ಕೆಟ್ಟ ಡ್ಯೂಟಿ ಪಟ್ಟಿ ಮಾಡುತ್ತಿರಲಿಲ್ಲ. ಈ ಯೋಚನೆ ಬಂದ ದಿನದಿಂದ ಸಂಜೆಯ ತೇರ್ಸಿನಲ್ಲಿ ನನ್ನ ಬಾಯಿ ಮಾತ್ರ ಆಡುತ್ತಿತ್ತು.

ಅಷ್ಟರಲ್ಲಿ ಅರವತ್ತರ ದಶಕ ನಡು ದಾಟಿತ್ತು. ಇಗರ್ಜಿಯಲ್ಲಿ, ಅಂದರೆ ಚರ್ಚಿನಲ್ಲಿ, ಲ್ಯಾಟಿನ್ ಹೋಗಿ ಕೊಂಕಣಿ ಬಂತು, ಅಷ್ಟು ಕಾಲ ನಮಗೆ ಬೆನ್ನು ಹಾಕಿ ಪೂಜೆ ಮಾಡುತ್ತಿದ್ದ ಪಾದ್ರಿಗಳು ನಮ್ಮ ಕಡೆ ತಿರುಗಿ ನಿಂತರು. ಹೊಸ ಪಾದ್ರಿಯೊಬ್ಬರು ಬಂದಿದ್ದರು, ನನಗಿಂತ ಸಣ್ಣವರು, ಹೊರಗೆಲ್ಲೋ ಓದಿ ಬಂದವರು, ನಗುಮುಖ. ಇವರಾದರೂ ಒಂದು ನೆಟ್ಟಗಿನ ಮಾತು ಹೇಳಿಯಾರು ಎಂದು ಆಸೆಯಿಂದ ಹೋದೆ. ಅವರು ಕೇಳಿ ನಕ್ಕೇಬಿಟ್ಟರು.

"ಅಯ್ಯೋ ಬಾಯೀ, ಇದನ್ನು ಇಷ್ಟು ವರ್ಷ ಇಟ್ಟುಕೊಂಡು ಕೂತಿದ್ದೀರಾ? ಬಿಟ್ಟುಬಿಡಿ. ಲಿಂಬೊ ಗಿಂಬೊ ಎಲ್ಲ ಈಗ ಯಾರೂ ಅಷ್ಟು ಹೇಳುವುದಿಲ್ಲ. ದೇವರು ಅಷ್ಟು ಸಣ್ಣ ಮನಸ್ಸಿನವನಲ್ಲ."

ಇದು ಒಳ್ಳೆಯ ಮಾತು. ನಾನೇ ಹೇಳಿಕೊಳ್ಳಬೇಕೆಂದಿದ್ದ ಮಾತು. ಆದರೆ ಅದನ್ನು ಕೇಳಿ ನನಗೆ ಬಂದ ಸಿಟ್ಟು ಅಷ್ಟಿಷ್ಟಲ್ಲ, ಮೈಯೆಲ್ಲ ಉರಿದುಹೋಯಿತು. ಎಂಟು ವರ್ಷ ನಾನು ಹೊತ್ತದ್ದನ್ನು ಇವರು ಎಡಗೈಯಲ್ಲಿ ಆಚೆ ಸರಿಸುತ್ತಾರಲ್ಲ! ನಿನ್ನೆಯವರೆಗೆ ಇದ್ದ ಲಿಂಬೊ ಇವತ್ತು ಇಲ್ಲ ಎಂದರೆ, ನಾನು ಯಾರ ಮಾತು ನಂಬಿ ಒಂದು ತಾಯಿಯ ಕಣ್ಣಿಗೆ ಮಣ್ಣೆರಚಿದ್ದು? "ಹಾಗಾದ್ರೆ ನಾನು ಮಾಡಿದ್ದು ಎಂತ ಫಾದರ್?" ಎಂದೆ. "ಒಳ್ಳೆಯ ಮನಸ್ಸಿನಿಂದ ಮಾಡಿದ್ದಲ್ವಾ, ದೇವರಿಗೆ ಗೊತ್ತುಂಟು," ಎಂದರು. ದೇವರಿಗೆ ಗೊತ್ತಿರುವುದು ಸರಿ. ಗೊತ್ತಿರಬೇಕಾದವಳಿಗೆ ಗೊತ್ತಿಲ್ಲವಲ್ಲ. ಪಾಪಕ್ಷಮೆ ಹೇಳಲು ಅವರು ಕೈಯೆತ್ತುವಾಗಲೇ ನಾನು ಎದ್ದು ಬಂದೆ. ಆಮೇಲೆ ಆ ಜಾಲರಿಯ ಹತ್ತಿರವೂ ಹೋಗಲಿಲ್ಲ, ಪೂಜೆಗೂ ಹೋಗಲಿಲ್ಲ.

ಆ ತಾಯಿಗೆ ಹೇಳಬೇಕು ಎಂದು ನಿಶ್ಚಯಿಸಿದ್ದು ಆಗ. ನನ್ನ ಅಮ್ಮನಿಗೆ ತಿಳಿಸಿದೆ. ತಂದೆ ತೀರಿಹೋಗಿ ಎರಡು ವರ್ಷ ಆಗಿತ್ತು, ಮನೆಯಲ್ಲಿ ನಾನು ಮತ್ತು ಅಮ್ಮ ಇಬ್ಬರೇ. ಅಮ್ಮ ಅಕ್ಕಿ ಆರಿಸುತ್ತಿದ್ದ ಗೆರಸೆಯನ್ನು ಕೆಳಗಿಟ್ಟು ನನ್ನನ್ನು ದುರುಗುಟ್ಟಿ ನೋಡಿದಳು.

"ನಿಂಗೆ ಮರ್ಲಾ, ತಲೆ ಸರಿ ಇಲ್ವಾ? ಮಲಗಿದ ನಾಯಿಯನ್ನು ಒದ್ದು ಎಬ್ಬಿಸ್ತೀಯಾ? ಆಸ್ಪತ್ರೆಗೆ ಕೆಟ್ಟ ಹೆಸರು, ನಮ್ಮವರಿಗೆಲ್ಲ ಕೆಟ್ಟ ಹೆಸರು."

"ಮಾಂಯ್, ಅವಳು ನನ್ನ ಕೈಯನ್ನು ಮಗಳ ಕಣ್ಣಿಗೆ ಒತ್ತಿಸ್ತಾಳೆ. ನಾನೆಂತ ಕಳ್ಳಿಯ ಹಾಗೆ ಇರುವುದಾ?"

"ಇರು. ನಾವೆಲ್ಲ ಇಲ್ವಾ? ನಾನು ನಿನ್ನ ಅಪ್ಪನ ಹತ್ರ ಹೇಳದ್ದು ನೂರು ಉಂಟು."

"ಸುಳ್ಳು ಹೇಳ್ಬಾರದು ಅಂತ ನೀವೇ ಕಲಿಸಿದ್ದಲ್ವಾ?"

"ಕಲಿಸಿದ್ದು ಮಕ್ಕಳಿಗೆ ಮಾರಾಯ್ತಿ!"

ಅಮ್ಮ ಹಾಗೆಯೇ, ನೆಟ್ಟಗಿನ ಮನುಷ್ಯಳು. ನಾನು ಮೂರು ದಿನ ಅವಳೊಡನೆ ಮಾತು ಬಿಟ್ಟೆ. ನಾಲ್ಕನೆಯ ದಿನ ಮಧ್ಯಾಹ್ನ ಡ್ಯೂಟಿಯ ಬಿಳಿ ಸೀರೆ ಬಿಟ್ಟು ಮನೆಯ ಸೀರೆ ಉಟ್ಟುಕೊಂಡು ಬಂದರಿಗೆ ನಡೆದೆ. ದಾರಿಯುದ್ದಕ್ಕೂ ನನಗೆ ನನ್ನ ಮೇಲೆಯೇ ಮೆಚ್ಚುಗೆ. ಹೇಳಿಯೇ ಹೇಳುತ್ತೇನೆ, ಉಗಿದರೆ ಉಗಿಸಿಕೊಳ್ಳುತ್ತೇನೆ, ಹೊಡೆದರೆ ಹೊಡೆಸಿಕೊಳ್ಳುತ್ತೇನೆ. ಯಾವ ಪಾದ್ರಿಯೂ ಕಲಿಸದ ಸತ್ಯವನ್ನು ನಾನೇ ಕಂಡುಕೊಂಡಿದ್ದೇನೆ ಎಂದು ಎದೆ ಸೆಟೆಸಿಕೊಂಡು ಹೋದೆ.

ಅವಳ ಮನೆ ಗಲ್ಲಿಯ ಕೊನೆಗೆ. ಗಂಡ ಅಂಗಡಿಯಲ್ಲಿ, ಅತ್ತೆ ಒಳಗೆ ಮಲಗಿದ್ದಳು, ದೊಡ್ಡ ಮಗಳು ಶಾಲೆಗೆ ಹೋಗಿತ್ತು. ಅವಳು ನನ್ನನ್ನು ಕಂಡು ಕುಣಿದಾಡಿದಳು. ಒಳಂಗಳದ ಕಟ್ಟೆಯಲ್ಲಿ ಚಾಪೆ ಹಾಕಿ ಕೂರಿಸಿ, ಶರಬತ್ತು ತಂದುಕೊಟ್ಟು, ತಾನು ಮೆಟ್ಟಿಲಲ್ಲಿ ಕೂತಳು. ನಾನು ಲೋಟ ಮುಟ್ಟಲಿಲ್ಲ. ಎಲ್ಲವನ್ನೂ ಹೇಳಿದೆ: ಬೊಂಬೆ, ಕಪ್ಪು, ಹತ್ತಿ, ತುಟಿಯೊಳಗೆ ಹೇಳಿದ ಮಾತು, ಇಟ್ಟ ಹೆಸರು, ಒಂದನ್ನೂ ಬಿಡದೆ.

ಅವಳಿಗೆ ಮೊದಲು ಅರ್ಥವಾಗಲಿಲ್ಲ. ಎರಡನೆಯ ಸಲ ಹೇಳಿದ ಮೇಲೆ ಅವಳ ಮುಖದ ನಗು ಹೋಯಿತು. "ಅದರಿಂದ ಈಗ ಅವಳಿಗೆ ಎಂತಾದರೂ ಆಗ್ತದಾ?" ಎಂದಳು.

"ಇಲ್ಲ. ಎಂತ ಇಲ್ಲ. ನೀರು ಅಷ್ಟೆ."

"ನಮ್ಮಲ್ಲಿ ಅಷ್ಟು ಸಣ್ಣ ಮಕ್ಕಳು ಹೋದ್ರೆ ಸೀದಾ ಸ್ವರ್ಗಕ್ಕೆ, ಬಾಯಮ್ಮ. ಕೇಳಿದ್ರೆ ನಾನೇ ಹೇಳ್ತಿದ್ದೆ," ಎಂದಳು. ಸೆರಗಿನ ಅಂಚು ಮಡಚಿದಳು. ಆಮೇಲೆ, "ಸಾವು ಖಾತ್ರಿ ಇದ್ರೆ ಮಾತ್ರ ಹಾಕುವುದು ಅಂದ್ರಿ ಅಲ್ವಾ?"

"ಹೌದು."

"ಹಾಗಾದ್ರೆ ಅವಳು ಸಾಯ್ತಾಳೆ ಅಂತ ನಿಮಗೆ ಗೊತ್ತಿತ್ತು."

"ಡಾಕ್ಟ್ರು ಹೇಳಿದ್ರು. ನಿನಗೆ ಹೇಳ್ಬಾರದು ಅಂತ..."

"ನಾನು ಅಲ್ಲೇ ಕೂತಿದ್ದೆ. ಮುಟ್ಟಬೇಡ ಅಂತ ನೀವು ಬೈದಿದ್ರಿ, ಮೂರು ದಿನ ನಾನು ಮುಟ್ಟಿರ್ಲಿಲ್ಲ. ಸಾಯುವ ಮಗು ಅಂತ ಗೊತ್ತಾದ ಮೇಲಾದ್ರೂ, ಎತ್ತಿಕೋ ಅಂತ ಹೇಳಬೇಕು ಅಂತ ನಿಮಗೆ ಕಾಣ್ಲಿಲ್ವಾ?"

ವಯಸ್ಸಾದ ಪಾದ್ರಿ, ನಗುಮುಖದ ಪಾದ್ರಿ, ನನ್ನಮ್ಮ, ನಾನು, ಎಂಟು ವರ್ಷದಲ್ಲಿ ನಾವ್ಯಾರೂ ಈ ಪ್ರಶ್ನೆಯ ಹತ್ತಿರ ಕೂಡ ಸುಳಿದಿರಲಿಲ್ಲ. ನೀರು ಸರಿಯೋ ತಪ್ಪೋ, ಮಗು ಯಾರದ್ದು, ಸ್ವರ್ಗದ ಬಾಗಿಲು ಯಾವುದು ಎಂದು ಗುದ್ದಾಡಿದ್ದೇ ಆಯಿತು. ಎರಡು ಮಾರು ದೂರದಲ್ಲಿ ಖಾಲಿ ಮಡಿಲಿಟ್ಟುಕೊಂಡು ಒಬ್ಬಳು ಕೂತಿದ್ದಳು. ನಾನು ಅವಳ ಕಣ್ಣು ತಪ್ಪಿಸುವುದು ಹೇಗೆ ಎಂದು ಮಾತ್ರ ನೋಡಿದ್ದೆ.

"ತಪ್ಪಾಯ್ತು," ಎಂದೆ. ನನ್ನ ಕಣ್ಣಲ್ಲಿ ನೀರು ಬಂತು. ನಾಚಿಕೆಯ ಜೊತೆಗೆ ನನಗೆ ಒಂದು ಥರ ನಿರಾಳವೂ ಆಗಿತ್ತು, ಅದನ್ನು ಮುಚ್ಚಿಡುವುದಿಲ್ಲ.

ಅವಳಿಗೆ ಅದು ಕಂಡಿರಬೇಕು. "ನಿಮಗೆ ಹಗುರ ಆಯ್ತು ಬಾಯಮ್ಮ," ಎಂದಳು, ಒಳಗೆ ಮಲಗಿದ್ದ ಅತ್ತೆಗೆ ಕೇಳಿಸದ ಹಾಗೆ ಮೆಲ್ಲಗೆ. "ಇದನ್ನು ಈಗ ನಾನು ಯಾರ ಹತ್ರ ಹೇಳುವುದು? ಗಂಡನ ಹತ್ರ ಹೇಳ್ಲಿಕ್ಕೆ ಉಂಟಾ? ಅತ್ತೆ ಹತ್ರ? ಮಗಳ ಹತ್ರ?"

ಆಮೇಲೆ ಎದ್ದು ನಿಂತಳು. ನಾನೂ ಎದ್ದೆ. ಬಾಗಿಲವರೆಗೆ ಬಂದು, ಹೋಗಿ ಬನ್ನಿ ಎಂದು ಹೇಳದೆ ಚಿಲಕ ಹಾಕಿಕೊಂಡಳು. ಐದನೆಯ ಹೆರಿಗೆಗೆ ಅವಳು ನಮ್ಮ ಆಸ್ಪತ್ರೆಗೆ ಬರಲಿಲ್ಲ.

ಮನೆಗೆ ನಡೆದು ಬರುವಾಗ ನನಗೆ ನನ್ನ ಮೇಲೆ ಬಂದ ಸಿಟ್ಟು ಇವತ್ತಿಗೂ ಆರಿಲ್ಲ. ಇಗರ್ಜಿಯ ಜಾಲರಿ ಬಿಟ್ಟು ಬಂದೆ ಎಂದು ಜಂಬ ಕೊಚ್ಚಿಕೊಂಡವಳು, ಅದೇ ಜಾಲರಿಯನ್ನು ಹೊತ್ತುಕೊಂಡು ಹೋಗಿ ಅವಳ ಅಂಗಳದಲ್ಲಿ ನಿಲ್ಲಿಸಿದ್ದೆ. ಪಾಪ ನನ್ನದು, ಕಿವಿ ಅವಳದ್ದು. ಪಾದ್ರಿಗಾದರೂ ಇನ್ನೊಬ್ಬ ಪಾದ್ರಿ ಇರುತ್ತಾನೆ, ಅವಳಿಗೆ ಯಾರಿದ್ದರು?

ನನಗೆ ಈಗ ಯಾವ ಧರ್ಮ ಎಂದು ಕೇಳುವವರಿಗೆ ಹೇಳಲು ನನ್ನ ಹತ್ತಿರ ದೊಡ್ಡ ಉತ್ತರವಿಲ್ಲ. ದೇವರಿದ್ದಾನೆ ಎಂದೇ ನನಗೆ ಅನ್ನಿಸುತ್ತದೆ, ಅವನೊಡನೆ ನನ್ನ ಜಗಳವೂ ಇದೆ. ಇಷ್ಟು ಮಾತ್ರ ಗೊತ್ತು. ಆ ದಿನದ ನಂತರ ಇಪ್ಪತ್ತೆರಡು ವರ್ಷ ವಾರ್ಡಿನಲ್ಲಿ ಕೆಲಸ ಮಾಡಿದೆ. ಒಂದು ಮಗು ಉಳಿಯುವುದಿಲ್ಲ ಎಂದು ತಿಳಿದಾಗಲೆಲ್ಲ ಡಾಕ್ಟ್ರು ಏನೇ ಹೇಳಲಿ, ನಾನು ನಳಿಗೆ ಸರಿ ಮಾಡಿ, ಮಗುವನ್ನು ಬಟ್ಟೆಯಲ್ಲಿ ಸುತ್ತಿ, ತಾಯಿಗೆ ಇದ್ದದ್ದನ್ನು ಇದ್ದ ಹಾಗೆ ಹೇಳಿ, ಅವಳ ಮಡಿಲಿಗೆ ಕೊಟ್ಟೆ. ಕೆಲವರು ಕಿರುಚಿದರು, ಒಬ್ಬಳು ನನ್ನ ಕೆನ್ನೆಗೆ ಹೊಡೆದಳು. ನಮ್ಮವಳೇ ಒಬ್ಬಳು, "ಸಿಸ್ಟರ್, ನೀವೇ ಜ್ಞಾನಸ್ನಾನ ಕೊಡಿ," ಎಂದು ಕೈ ಮುಗಿದಾಗ ನೀರಿನ ಕಪ್ಪು ತಂದು ಅವಳ ಕೈಗೇ ಕೊಟ್ಟೆ. ಅವಳೇ ಹಾಕಿದಳು. ಅವಳ ಕೈ ನಡುಗಿ ನೀರು ಅರ್ಧ ಹಣೆಗೆ, ಅರ್ಧ ಅವಳದೇ ಸೀರೆಗೆ ಬಿತ್ತು. ಅದು ಸಾಕೋ ಸಾಲದೋ ಎಂದು ನಾನು ಯಾರನ್ನೂ ಕೇಳಲಿಲ್ಲ.